ನೂರಾ ಎರಡು ಕಿಲೋ ನಾಯಕಿ

ನಾನು ಹೊಟ್ಟೆಕಿಚ್ಚಿನವಳು. ಆಮೇಲೆ ನೀವಾಗಿಯೇ ಕಂಡುಹಿಡಿದು ಮೂಗು ಮುರಿಯುವ ಬದಲು ನಾನೇ ಮೊದಲು ಹೇಳಿಬಿಡುತ್ತೇನೆ. ತೆಳ್ಳಗಿರುವವರನ್ನು ಕಂಡು ಉರಿದುಕೊಳ್ಳುವವಳು ಎಂದುಕೊಂಡಿದ್ದರೆ ಅದು ತಪ್ಪು. ಅವರ ಪಾಡು ಅವರಿಗೆ. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ನನ್ನ ಸೋದರಮಾವನ ಮಗಳು ತರಾಯ್ವಿನಿಯನ್ನು ಕಂಡರೆ. ಅವಳ ತೂಕ ನೂರಾ ಆರು ಕಿಲೋ. ನನ್ನದು ನೂರಾ ಎರಡು.

ನೋಡಿ, ನನಗಿಂತ ನಾಲ್ಕು ಕಿಲೋ ಜಾಸ್ತಿಯೇ. ಆದರೂ ಮನೆಯಲ್ಲಿ ಮದುವೆಯೋ ಸಾವೋ ಆಗಿ ಇಡೀ ಕುಟುಂಬಕ್ಕೆ ಒಂದೇ ಥಾನಿನ ಬಟ್ಟೆ ಹೊಲಿಸಿದಾಗ, ಅವಳು ತೊಟ್ಟರೆ ರಾಣಿ, ನಾನು ತೊಟ್ಟರೆ ಕಿಟಕಿಯ ಪರದೆ. ದರ್ಜಿ ಒಬ್ಬಳೇ, ಬಟ್ಟೆ ಒಂದೇ, ಮೈ ಹೆಚ್ಚು ಕಡಿಮೆ ಒಂದೇ. ನಮ್ಮ ದ್ವೀಪದ ರಾಜಧಾನಿ ಸುವಾದ ಬಸ್ ನಿಲ್ದಾಣದಲ್ಲಿ ವಿನಿ ನಡೆದು ಬಂದರೆ ಜನ ದಾರಿ ಬಿಡುತ್ತಾರೆ. ನಾನು ಬಂದರೆ ನಾನೇ ಜನರಿಗೆ ದಾರಿ ಬಿಡುತ್ತೇನೆ. ಬಸ್ಸಿನಲ್ಲಿ ಅವಳು ಸೀಟಿನ ತುಂಬ ಕೂರುತ್ತಾಳೆ, ನಾನು ಅರ್ಧ ಸೀಟಿನಲ್ಲಿ ಚೀಲವನ್ನು ತಬ್ಬಿಕೊಂಡು, ಪಕ್ಕದವರಿಗೆ ತಪ್ಪಾಯಿತು ಎನ್ನುವ ಮುಖ ಮಾಡಿಕೊಂಡು ಕೂರುತ್ತೇನೆ. ಅದು ಹೇಗೆ ಸಾಧ್ಯ ಎಂದು ಇಪ್ಪತ್ತೊಂಬತ್ತು ವರ್ಷಗಳಿಂದ ನೋಡುತ್ತಿದ್ದೇನೆ, ಇನ್ನೂ ತಿಳಿದಿಲ್ಲ.

ಸೋದರಮಾವನ ಮಗಳೆಂದರೆ ನಮ್ಮಲ್ಲಿ ಅತ್ತಿಗೆ. ಅತ್ತಿಗೆಯರು ಒಬ್ಬರನ್ನೊಬ್ಬರು ಅಣಕಿಸಲೇಬೇಕು. ಅದು ಹಕ್ಕು, ಸಲಿಗೆ, ಒಂದು ರೀತಿಯಲ್ಲಿ ಕರ್ತವ್ಯವೂ ಹೌದು. ಸ್ವಂತ ಅಕ್ಕತಂಗಿಯರಿಗೆ ಆಡಲಾಗದ ಮಾತನ್ನು ಅತ್ತಿಗೆಗೆ ಆಡಬಹುದು, ಅವಳು ಸಿಟ್ಟಾಗುವಂತಿಲ್ಲ. ಇಬ್ಬರು ಅತ್ತಿಗೆಯರು ಮರ್ಯಾದೆಯಿಂದ ಮಾತಾಡಿಕೊಂಡರೆ ಜನ ಗಾಬರಿಯಾಗುತ್ತಾರೆ.

ವಿನಿ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಮರಗೆಣಸಿನ ಮೂಟೆ, ಸರಿದು ಕೂತ್ಕೊಳ್ಳೇ, ನಂಗೂ ಗಾಳಿ ಬರ್ಲಿ."

"ಗಾಳಿ ನಿನ್ನ ಸುತ್ತಿ ಬರೋಷ್ಟ್ರಲ್ಲಿ ಸಾಯಂಕಾಲ ಆಗುತ್ತೆ," ಎನ್ನುತ್ತಿದ್ದೆ ನಾನು.

ಹೀಗೆ ನಡೆಯುತ್ತಿತ್ತು ನಮ್ಮ ಸಂಸಾರ.

ಹಗಲು ನಾನು ಮಾರ್ಕೆಟ್ ಪಕ್ಕದ ಅಂಗಡಿಯಲ್ಲಿ ಒಡೆದ ಫೋನುಗಳ ಗಾಜು ಬದಲಿಸುತ್ತೇನೆ. ಉಳಿದ ಹೊತ್ತೆಲ್ಲ ಕಂಪ್ಯೂಟರಿನಲ್ಲಿ ಆಟ. ಹನ್ನೊಂದನೇ ವಯಸ್ಸಿನಿಂದ ಆಡುತ್ತಿದ್ದೇನೆ, ಇವತ್ತಿಗೂ ಹೊಸ ಆಟ ಬಂತೆಂದರೆ ಊಟ ಬೇಡ. ಶನಿವಾರ ಮಧ್ಯಾಹ್ನ ಆಟ ಆಡುತ್ತಲೇ ಇಂಟರ್‌ನೆಟ್‌ನಲ್ಲಿ ಮಾತಾಡುತ್ತೇನೆ. ಮುನ್ನೂರು ಚಿಲ್ಲರೆ ಜನ ನೋಡುತ್ತಾರೆ, ಪಕ್ಕದ ದ್ವೀಪದ ಲಂಬಾಸಾದಿಂದ ಹಿಡಿದು ಸಿಡ್ನಿಯವರೆಗೆ. ನನ್ನ ಮುಖ ತೋರಿಸುವುದಿಲ್ಲ, ದನಿ ಮಾತ್ರ.

ಅಲ್ಲಿ ನನ್ನ ಅಭಿಪ್ರಾಯಗಳನ್ನು ಕೇಳಬೇಕು ನೀವು! ಆಟಗಳಲ್ಲಿ ದಪ್ಪ ಗಂಡಸಿಗೆ ಕಡೇ ಪಕ್ಷ ರಾಕ್ಷಸನ ಪಾತ್ರವಾದರೂ ಸಿಗುತ್ತದೆ, ದಪ್ಪ ಹೆಂಗಸಿಗೆ ಸೌಟು ಕೊಟ್ಟು ಅಡುಗೆಮನೆಯಲ್ಲಿ ನಿಲ್ಲಿಸುತ್ತಾರೆ ಎನ್ನುತ್ತಿದ್ದೆ. ಯುದ್ಧಕ್ಕೆ ಹೊರಟ ನಾಯಕಿಗೆ ಎದೆಗೊಂದು ತಗಡು, ಸೊಂಟಕ್ಕೊಂದು ದಾರ. ಬಾಣ ಹೊಟ್ಟೆಗೆ ಬಿದ್ದರೆ ಏನು ಗತಿ ಎಂದು ಕೇಳುತ್ತಿದ್ದೆ. ಟೀವಿಯಲ್ಲಿ ದಪ್ಪಗಿರುವವರನ್ನು ಓಡಿಸಿ, ಅಳಿಸಿ, ತೂಕದ ಯಂತ್ರದ ಮೇಲೆ ಹತ್ತಿಸಿ ನಗುವ ಕಾರ್ಯಕ್ರಮ ಬರುತ್ತದಲ್ಲ, ಅದನ್ನು ಚಿಪ್ಸ್ ತಿನ್ನುತ್ತ ನೋಡುವವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. "ಮನರಂಜನೆ ಅಂದ್ರೆ ಬೇರೆ ಏನೂ ಅಲ್ಲ, ಯಾರ ಮೈ ನೋಡಿ ನಗಬೇಕು ಅಂತ ನಮಗೆ ಪಾಠ ಹೇಳಿಕೊಡೋದು," ಎಂದದ್ದಕ್ಕೆ ಒಂದು ಸಲ ನಲವತ್ತು ಜನ ಚಪ್ಪಾಳೆಯ ಚಿತ್ರ ಕಳಿಸಿದ್ದರು.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಆಟದೊಳಗೆ ನನಗೆಂದು ನಾನು ಮಾಡಿಕೊಂಡ ಗೊಂಬೆಯ ಸೊಂಟ ಎರಡು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಎಲ್ಲ ಆಟದಲ್ಲೂ ಹಾಗೆಯೇ. ಮೈ ಅಳತೆ ಆರಿಸಿಕೊಳ್ಳಲು ಬಿಟ್ಟ ಆಟಗಳಲ್ಲೂ ನನ್ನ ಕೈ ತಾನಾಗಿ ಆ ಕಡೆಗೇ ಸರಿಯುತ್ತಿತ್ತು. ಶನಿವಾರ ಮಾತ್ರ ಬೇರೆ ಗೊಂಬೆ ಇಟ್ಟುಕೊಳ್ಳುತ್ತಿದ್ದೆ, ಜನರಿಗೆ ತೋರಿಸಲು. ಈ ಗುಟ್ಟು ಗೊತ್ತಿದ್ದದ್ದು ವಿನಿಗೆ ಒಬ್ಬಳಿಗೆ. ಒಂದು ದಿನ ಹೇಳದೆ ಕೇಳದೆ ಒಳಗೆ ನುಗ್ಗಿ ಪರದೆಯ ಮೇಲೆ ನೋಡಿಬಿಟ್ಟಿದ್ದಳು.

"ಯಾರೇ ಈ ಹಸಿದೋಳು? ಇಸಾ, ಪಾಪ! ಒಂದು ತಟ್ಟೆ ಊಟ ಹಾಕೇ ಅವ್ಳಿಗೆ!"

ಬಿದ್ದು ಬಿದ್ದು ನಕ್ಕಳು. ಆದರೆ ಹೊರಗೆ ಯಾರಿಗೂ ಹೇಳಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು, ಇಷ್ಟು ಒಳ್ಳೆಯವಳಾಗಿರಬೇಕೇ ಎಂದು.

ಕಳೆದ ಮೇ ತಿಂಗಳಲ್ಲಿ ನ್ಯೂಜಿಲೆಂಡಿನ ಒಂದು ಆಟದ ಕಂಪನಿಯವರು ಸುವಾಕ್ಕೆ ಬಂದರು. ಎರಡು ಒಡಲಿನ ಹಾಯಿದೋಣಿ ನಡೆಸುವ ನಮ್ಮ ಕಡೆಯ ಒಬ್ಬ ನಾಯಕಿಯ ಕಥೆ, ಅವಳಿಗೆ ನಿಜವಾದ ಒಂದು ಮೈ ಬೇಕು. ತೊಂಬತ್ತು ಕಿಲೋ ದಾಟಿರಬೇಕು, ಎತ್ತಿ ಎಸೆಯುವ ಶಕ್ತಿ ಇರಬೇಕು. ಸುತ್ತಲೂ ಕ್ಯಾಮೆರಾ ಇಟ್ಟು ತಲೆಯಿಂದ ಕಾಲಿನವರೆಗೆ ಅಳೆದು, ಅದೇ ಮೈಯನ್ನು ಆಟದೊಳಗೆ ಇಳಿಸುತ್ತಾರೆ. ಅವರ ಜಾಹೀರಾತನ್ನು ಮೂರು ಸಲ ಓದಿದೆ. ಹತ್ತು ವರ್ಷ ಗಂಟಲು ಹರಿದುಕೊಂಡು ಕೇಳಿದ್ದು ನಾನು, ಈಗ ಅದು ಬಂದದ್ದೂ ನನ್ನ ಊರಿಗೆ! ಇದು ನನಗಲ್ಲದೆ ಇನ್ಯಾರಿಗೆ?

ಒಬ್ಬಳೇ ಹೋಗಲು ಧೈರ್ಯ ಸಾಲದೆ ಜೊತೆಗೆ ವಿನಿಯನ್ನು ಕರೆದೊಯ್ದೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ. ಅವಳಿಗೆ ಆಟದ ಗಂಧಗಾಳಿ ಇಲ್ಲ, ಫೋನಿನಲ್ಲಿ ಇಸ್ಪೀಟು ಕೂಡ ಆಡುವವಳಲ್ಲ. ನಂಬುವಾದ ಒಂದು ಶಾಲೆಯಲ್ಲಿ ಹುಡುಗಿಯರಿಗೆ ನೆಟ್‌ಬಾಲ್ ಕಲಿಸುತ್ತಾಳೆ, ಅಷ್ಟೇ.

ಒಳಗೆ ನನ್ನನ್ನು ನಡೆಸಿದರು, ಓಡಿಸಿದರು, ಕೈಗೆ ಒಂದು ದೋಣಿಯ ಹುಟ್ಟು ಕೊಟ್ಟು ಬೀಸಿಸಿದರು. ಬ್ರಾನ್ವಿನ್ ಎಂಬ ಕೆಂಪು ಕೂದಲಿನ ಹೆಂಗಸು ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತ ಬರೆದುಕೊಂಡಳು. ಅಷ್ಟರಲ್ಲಿ ಬಾಗಿಲ ಬಳಿ ರೊಟ್ಟಿ ಸುರುಳಿ ತಿನ್ನುತ್ತ ನಿಂತಿದ್ದ ವಿನಿ ಬಾಯಿ ಒರೆಸಿಕೊಂಡು ಕೂಗಿದಳು: "ಏನೇ ಅತ್ತಿಗೆ ಅದು, ದೋಣಿ ನಡೆಸ್ತಿದೀಯೋ ಸಾರು ತಿರುವ್ತಿದೀಯೋ?"

ಎಲ್ಲರೂ ನಕ್ಕರು. ಬ್ರಾನ್ವಿನ್ ಅವಳ ಕಡೆ ತಿರುಗಿ, "ಹಾಗಾದ್ರೆ ನೀವೇ ತೋರ್ಸಿ," ಎಂದಳು. ವಿನಿ ಎಣ್ಣೆಗೈಯನ್ನು ಸೊಂಟಕ್ಕೆ ಸುತ್ತಿದ್ದ ಸುಲುವಿಗೆ ಒರೆಸಿಕೊಂಡು ಬಂದಳು. ಹುಟ್ಟು ಹಿಡಿದಳು. ಒಂದೇ ಸಲ ಬೀಸಿದಳು.

ನನಗೆ ಆಗಲೇ ಗೊತ್ತಾಯಿತು. ಮರುದಿನ ಬಂದ ಪತ್ರದಲ್ಲಿ ಮೊದಲ ಹೆಸರು ತರಾಯ್ವಿನಿ, ಎರಡನೆಯದು ಉಲಾಮಿಲಾ. ಎರಡನೆಯದು ನಾನು.

ಆ ಸಂಜೆ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಭುಜ ಗುದ್ದಿದಳು. "ಸಿಟ್ಟೇನೇ, ಮೂಟೆ?"

"ನಂಗ್ಯಾಕೆ ಸಿಟ್ಟು? ನೀನು ಆಟ ಅಂದ್ರೆ ಏನು ಅಂತಾನೂ ಗೊತ್ತಿಲ್ದೋಳು. ಅಲ್ಲಿ ನಿನ್ ಮುಖ ನೋಡ್ಕೊಳ್ಳೋಕಾದ್ರೂ ಬರುತ್ತಾ?"

"ಅದು ನನಗಲ್ಲ ಕಣೇ," ಎಂದಳು ವಿನಿ. ದನಿ ಸ್ವಲ್ಪ ಇಳಿದಿತ್ತು. "ನಮ್ ತಂಡದಲ್ಲಿ ಮೂರು ಹುಡುಗೀರು ಮಧ್ಯಾಹ್ನ ಊಟ ಬಿಟ್ಟಿದಾರೆ ಕಣೇ. ಹತ್ತು ವರ್ಷದವ್ರು. ಫೋನಲ್ಲಿ ಯಾವ್ಯಾವ್ದೋ ಕಡ್ಡಿ ಹೆಂಗಸ್ರನ್ನ ನೋಡ್ಕೊಂಡು, ಡಬ್ಬಿ ತೆರೆಯೋದೇ ಇಲ್ಲ. ನಾನು ಹೇಳಿದ್ರೆ ಮಿಸ್ಸು ಹೇಳ್ತಾರೆ ಅಷ್ಟೇ. ಅವ್ರಿಷ್ಟದ ಆಟದಲ್ಲೇ ನಮ್ಮಂಥ ಮೈ ಒಂದು ಕುಣೀತಾ ಓಡ್ತಿದ್ರೆ?"

ನಾನು ಹತ್ತು ವರ್ಷ ಹೇಳಿದ್ದನ್ನೇ ಅವಳು ಬಸ್ಸಿನಲ್ಲಿ ಎರಡು ನಿಲ್ದಾಣದೊಳಗೆ ಹೇಳಿ ಮುಗಿಸಿದಳು. ನನಗಿಂತ ಚೆನ್ನಾಗಿ ಬೇರೆ. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅವಳ ಹುಡುಗಿಯರಿಗಾಗಿ ನನಗೆ ಸಂಕಟವಾಗಬೇಕಿತ್ತು, ಆಗಲಿಲ್ಲ. ಮೈಯೂ ಅವಳದೇ, ಮಾತೂ ಅವಳದೇ ಆದರೆ ನನಗೆ ಉಳಿದದ್ದೇನು ಎಂದಷ್ಟೇ ಯೋಚಿಸುತ್ತಿದ್ದೆ.

ಭಾನುವಾರ ಚರ್ಚಿನ ನಂತರ ವಿನಿಯ ಅಪ್ಪ ಇಲಿಸೋನಿ ಮಾವನ ಮನೆಯಲ್ಲಿ ಊಟ. ನೆಲದ ಒಲೆಯಿಂದ ತೆಗೆದ ಹಂದಿಮಾಂಸ, ಕೆಸುವಿನ ಗೆಡ್ಡೆ, ಚಾಪೆಯ ಉದ್ದಕ್ಕೂ ಇಪ್ಪತ್ತು ಜನ. ಮಾವ ಎದ್ದು ನಿಂತು ಮಗಳ ವಿಷಯ ಹೇಳಿದ. ಹೆಂಗಸರು ಚಪ್ಪಾಳೆ ತಟ್ಟಿದರು. ನಮ್ಮಮ್ಮ ಕೂಡ ಕಣ್ಣೊರೆಸಿಕೊಂಡು, "ನನ್ನಣ್ಣನ ಮನೆಗೆ ಬೆಳಕು ಬಂತು," ಎಂದಳು. ಹೆತ್ತ ಮಗಳು ಎರಡನೆಯ ಹೆಸರಾಗಿ ಪಕ್ಕದಲ್ಲೇ ಕೂತಿದ್ದೇನೆ, ಆ ಕಡೆ ನೋಟವೇ ಇಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಆಗ ನನ್ನ ಬಾಯಿಂದ ಆ ಮಾತು ಬಂತು. "ವಿನಿ. ಕೆರೆಕೆರೆ."

ಚಾಪೆಯ ಉದ್ದಕ್ಕೂ ಕೈಗಳು ತಟ್ಟೆಯಲ್ಲೇ ನಿಂತವು. ನಮ್ಮಲ್ಲಿ ಬಂಧುಗಳು ಈ ಮಾತು ಆಡಿ ಏನನ್ನಾದರೂ ಕೇಳಿದರೆ ಇಲ್ಲ ಎನ್ನುವಂತಿಲ್ಲ. ಕೊಡೆ, ಕಡಾಯಿ, ಹೊಸ ಚಪ್ಪಲಿ, ಹೀಗೆ ಎಷ್ಟೋ ಅವಳ ಮನೆಯಿಂದ ನಮ್ಮ ಮನೆಗೂ, ನಮ್ಮ ಮನೆಯಿಂದ ಅವಳ ಮನೆಗೂ ಹೋಗಿವೆ. ಅದರಲ್ಲೂ ತಂಗಿಯ ಮಗಳು ಸೋದರಮಾವನ ಚಾಪೆಯ ಮೇಲೆ ಕೂತು ಕೇಳಿದರೆ ಮುಗಿದೇ ಹೋಯಿತು. ಅದು ಗೊತ್ತಿದ್ದೇ ನಾನು ಅಲ್ಲಿ ಕೇಳಿದೆ.

"ಆ ಆಟದ ಜಾಗ ನಂಗೆ ಕೊಡು," ಎಂದೆ.

ಅಮ್ಮ ನನ್ನ ತೊಡೆ ಚಿವುಟಿದಳು, ಚರ್ಮ ಕಿತ್ತು ಬರುವ ಹಾಗೆ. ಮಾವ ತಲೆ ತಗ್ಗಿಸಿದ. ವಿನಿ ಕೈಯಲ್ಲಿದ್ದ ಗೆಡ್ಡೆಯ ಚೂರನ್ನು ತಟ್ಟೆಗೆ ಇಟ್ಟು, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ನಕ್ಕಳು.

"ತಗೋ. ನಿಂದೇ. ಆದ್ರೆ ಅಲ್ಲಿ ಓಡ್ಬೇಕಂತೆ ಕಣೇ, ಮೊದ್ಲು ಆ ಬಾಗಿಲ ತನಕ ಓಡಿ ತೋರ್ಸು ನೋಡೋಣ. ನೆಲ ಗಟ್ಟಿಯಾಗಿದೆ ಅಲ್ವೇನಪ್ಪಾ?"

ಎಲ್ಲರೂ ನಕ್ಕರು, ಊಟ ಮುಂದುವರಿಯಿತು. ಕೊಟ್ಟೇಬಿಟ್ಟಳು! ಬೇರೆಯವರಾಗಿದ್ದರೆ ಮುಖ ಸಿಂಡರಿಸುತ್ತಿದ್ದರು, ಕಡೇ ಪಕ್ಷ ಎರಡು ದಿನ ಮಾತು ಬಿಡುತ್ತಿದ್ದರು. ಕೊಡುವುದು ಕೂಡ ಅವಳಿಗೆ ಅಷ್ಟು ಸಲೀಸು ಎಂದು ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಕಂಪನಿಯವರು ತಕರಾರು ಮಾಡಲಿಲ್ಲ. ಮೊದಲನೆಯವಳು ಬಿಟ್ಟುಕೊಟ್ಟರೆ ಎರಡನೆಯವಳು, ಅಷ್ಟೇ. ಅಳತೆಯ ದಿನ ವಿನಿ ತಾನಾಗಿಯೇ ಜೊತೆಗೆ ಬಂದಳು, ನನ್ನ ಬಟ್ಟೆ ಹಿಡಿದುಕೊಳ್ಳಲು.

ಕಪ್ಪು ಬಿಗಿ ಉಡುಪು ಕೊಟ್ಟರು. ಅದರಲ್ಲಿ ಮುಚ್ಚಿಡಲು ಏನೂ ಆಗುವುದಿಲ್ಲ. ವಿನಿ ಬೆನ್ನಿನ ಜಿಪ್ ಎಳೆಯುತ್ತ, "ಉಸಿರು ಬಿಡ್ಬೇಡ ಕಣೇ ಅತ್ತಿಗೆ, ಬಿಟ್ರೆ ಈ ಜಿಪ್ಪು ಹಾರಿ ಯಾರ್ ಕಣ್ಣಿಗೆ ಬೀಳುತ್ತೋ!" ಎಂದಳು. ನಾನು ನಕ್ಕೆ. ಅವತ್ತು ನಕ್ಕದ್ದು ಅದೊಂದೇ ಸಲ.

ಸುತ್ತಲೂ ಕಂಬಗಳು, ಕಂಬದ ತುಂಬ ಕ್ಯಾಮೆರಾಗಳು, ನಡುವೆ ಕೈ ಅಗಲಿಸಿಕೊಂಡು ನಾನು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಯಿತು. ಅರ್ಧ ಗಂಟೆಯ ನಂತರ ಬ್ರಾನ್ವಿನ್ ಪರದೆಯ ಮುಂದೆ ಕೂರಿಸಿದಳು. ಅಲ್ಲಿ ನಾನಿದ್ದೆ. ಬೂದು ಬಣ್ಣದ, ಬಟ್ಟೆಯಿಲ್ಲದ, ಕೂದಲಿಲ್ಲದ ನಾನು. ಬ್ರಾನ್ವಿನ್ ಬೆರಳಿನಿಂದ ತಿರುಗಿಸಿದಳು, ನಾನು ತಿರುಗಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಬೆನ್ನನ್ನು ನಾನು ನೋಡಿರಲಿಲ್ಲ. ಎರಡು ಮಡಿಕೆ, ಅದರ ಕೆಳಗೆ ಇನ್ನೊಂದು. ಆಟಗಳಲ್ಲಿ ಆಡುವವರು ನೋಡುವುದು ನಾಯಕಿಯ ಬೆನ್ನನ್ನೇ. ಹಿಂದಿನಿಂದಲೇ ಅವಳನ್ನು ನಡೆಸುತ್ತಾರೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲಕ್ಷಾಂತರ ಜನ ಈ ಬೆನ್ನನ್ನು ನೋಡುತ್ತಾರೆ.

"ಕರಾರಿನ ಪ್ರಕಾರ ನೀವು ಒಪ್ಪಿದ ಮೇಲೇ ಇದು ಆಟಕ್ಕೆ ಹೋಗೋದು," ಎಂದಳು ಬ್ರಾನ್ವಿನ್. "ಏನಾದ್ರೂ ಬದಲಾಯಿಸ್ಬೇಕು ಅಂದ್ರೆ ಇಲ್ಲೇ ಜಾರಿಸೋ ಪಟ್ಟಿಗಳಿವೆ, ಆ ಕಡೆ ಈ ಕಡೆ ಸರಿಸಿ ನೋಡಿ. ನಮ್ಗೇನೋ ಹೀಗೇ ಇಷ್ಟ."

ಸೊಂಟ ಎಂದು ಬರೆದಿದ್ದ ಪಟ್ಟಿ. ನನಗೆ ಪರಿಚಯದ ಪಟ್ಟಿಯೇ ಅದು, ಸಾವಿರ ಸಲ ಸರಿಸಿದ್ದೇನೆ. ಕೈ ಹೋಯಿತು. ಮೊದಲು ಸ್ವಲ್ಪ. ಬೆನ್ನಿನ ಮಡಿಕೆ ಹೋಯಿತು. ಇನ್ನು ಸ್ವಲ್ಪ. ತೋಳು, ಗಲ್ಲ, ತೊಡೆ. ಹಿಂದೆ ವಿನಿ ನನ್ನ ಬಟ್ಟೆ ಹಿಡಿದುಕೊಂಡು ನಿಂತಿದ್ದಳು. ಈಗ ಏನಾದರೂ ಅನ್ನುತ್ತಾಳೆ, ಹಸಿದವಳು ಎನ್ನುತ್ತಾಳೆ, ಊಟ ಹಾಕು ಎನ್ನುತ್ತಾಳೆ ಎಂದು ಕಾದೆ. ಅಂದಿದ್ದರೆ ಬಹುಶಃ ಕೈ ನಿಲ್ಲುತ್ತಿತ್ತು. ಅವಳು ಏನೂ ಅನ್ನಲಿಲ್ಲ.

"ಇಷ್ಟು ಸಾಕು," ಎಂದೆ.

ಬ್ರಾನ್ವಿನ್ ಮುಖ ಬಿಗಿಯಿತು. "ಖಂಡಿತಾನಾ? ಮುಂದಿನ ಶುಕ್ರವಾರದ ತನಕ ಮನಸ್ಸು ಬದಲಾದ್ರೆ ಒಂದು ಸಾಲು ಬರೀರಿ, ಮೊದಲಿನ ಅಳತೆ ಇಟ್ಟಿರ್ತೀವಿ. ಆಮೇಲೆ ಆಗಲ್ಲ."

ಬಸ್ಸು ಬಂತು. ವಿನಿ ಪಕ್ಕಕ್ಕೆ ಸರಿದು, "ಬನ್ನಿ ಉಲಾಮಿಲಾ, ಕಿಟಕಿ ಪಕ್ಕ ಕೂತ್ಕೊಳ್ಳಿ," ಎಂದಳು.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು, "ಯಾಕೇ, ಪಕ್ಕದಲ್ಲಿ ಕೂತ್ರೆ ಬಸ್ಸು ವಾಲುತ್ತಾ?" ಎಂದೆ.

"ಹಾಗೇನಿಲ್ಲ. ನಿಮಗೆ ದಣಿವಾಗಿರುತ್ತೆ," ಎಂದಳು. ಅರ್ಧ ಸೀಟಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಅಲ್ಲಿಂದ ಶುರುವಾಯಿತು. ಎದುರಿಗೆ ಸಿಕ್ಕರೆ ನಮಸ್ಕಾರ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂಬ ಪ್ರಶ್ನೆ. ಚರ್ಚಿನಲ್ಲಿ ಎದ್ದು ಜಾಗ ಬಿಟ್ಟುಕೊಟ್ಟಳು. ನನ್ನ ಹಳೆಯ ಉಡುಪನ್ನು ನೋಡಿ, "ಬಣ್ಣ ನಿಮಗೆ ಒಪ್ಪುತ್ತೆ," ಎಂದಳು. ನನಗೆ ಅಳು ಬರುವಂತಾಯಿತು. ಬೈಗುಳವಾಗಿದ್ದರೆ ಉತ್ತರ ಕೊಡಬಹುದಿತ್ತು. ಮರ್ಯಾದೆಗೆ ಏನು ಉತ್ತರ ಕೊಡುವುದು? ಪಕ್ಕದಲ್ಲಿದ್ದ ಮುದುಕಿಯೊಬ್ಬಳು, "ಏನಾಯ್ತೇ ಇಬ್ರಿಗೂ, ಯಾರಾದ್ರೂ ಹೋದ್ರಾ?" ಎಂದು ಕೇಳಿಯೇಬಿಟ್ಟಳು.

ಬುಧವಾರ ಮಾರ್ಕೆಟಿನಲ್ಲಿ ವಿನಿಯ ದನಿ ಕೇಳಿಸಿತು. ರೊಟ್ಟಿ ಅಂಗಡಿಯ ಲೋಸಾಲಿನಿಯ ಮುಂದೆ ನಿಂತಿದ್ದಳು. "ಏ ಕುಂಬಳಕಾಯಿ, ರೊಟ್ಟಿಯೊಳಗೆ ಆಲೂಗಡ್ಡೆ ಎಲ್ಲೇ? ಅರ್ಧ ನೀನೇ ತಿಂದು ಸುತ್ತಿದೀಯಾ?" ಲೋಸಾಲಿನಿಯೂ ಅವಳಿಗೆ ದೂರದ ಅತ್ತಿಗೆ. ಇಬ್ಬರೂ ಕೈ ಕೈ ಹೊಡೆದುಕೊಂಡು ನಗುತ್ತಿದ್ದರು. ನಾನು ಅಂಗಡಿಯ ಗಾಜಿನ ಹಿಂದೆ, ಒಡೆದ ಫೋನೊಂದನ್ನು ಹಿಡಿದುಕೊಂಡು ನೋಡುತ್ತ ನಿಂತೆ. ಕುಂಬಳಕಾಯಿ ಅಂತೆ! ನನ್ನ ಪಾಲಿನ ಬೈಗುಳ ಇನ್ನೊಬ್ಬಳಿಗೆ ಹೋಗುತ್ತಿತ್ತು. ಆ ಲೋಸಾಲಿನಿಯ ಮೇಲೆ ನನಗೆ ಬಂದ ಹೊಟ್ಟೆಕಿಚ್ಚನ್ನು ಹೇಳಲಾರೆ. ವಿನಿಯ ಮೈಯ ಮೇಲೆ, ನಡಿಗೆಯ ಮೇಲೆ, ಆ ಪತ್ರದ ಮೇಲೆ ಬಂದದ್ದೆಲ್ಲ ಇದರ ಮುಂದೆ ಏನೂ ಅಲ್ಲ.

ಗುರುವಾರ ಮಧ್ಯಾಹ್ನ ಅಂಗಡಿಗೆ ರಜೆ ಹಾಕಿ, ಕುಟ್ಟಿ ನೀರಲ್ಲಿ ಕದಡಿ ಕುಡಿಯುವ ಯಂಗೋನದ ಬೇರಿನ ಒಂದು ಕಟ್ಟು ಕೊಂಡುಕೊಂಡು ನಂಬುವಾಕ್ಕೆ ಹೋದೆ. ನಮ್ಮಲ್ಲಿ ತಪ್ಪೊಪ್ಪಿಗೆಗೆ ಬರಿಗೈಯಲ್ಲಿ ಹೋಗುವಂತಿಲ್ಲ.

ಶಾಲೆಯ ಅಂಕಣದಲ್ಲಿ ಹುಡುಗಿಯರು ಚೆಂಡು ಎಸೆದಾಡುತ್ತಿದ್ದರು. ಸೀಟಿ ಬಾಯಲ್ಲಿಟ್ಟುಕೊಂಡಿದ್ದ ವಿನಿ ನನ್ನ ಕೈಯ ಕಟ್ಟನ್ನು ನೋಡಿ ಸೀಟಿ ತೆಗೆದಳು. ಬೆಂಚಿನ ಪಕ್ಕ ನೆಲದ ಮೇಲೆ ಕೂತಳು. ನಾನೂ ಕೂತು ಬೇರನ್ನು ಅವಳ ಮುಂದಿಟ್ಟೆ.

"ಕೇಳಬಾರದ ಕಡೆ, ಕೇಳಬಾರದ್ದನ್ನ ಕೇಳ್ದೆ. ತಪ್ಪಾಯ್ತು. ತಗೊಂಡ್ಮೇಲೆ ಅದನ್ನೂ ಹಾಳ್ಮಾಡ್ದೆ. ತಪ್ಪಾಯ್ತು."

ಅವಳು ಬೇರನ್ನು ಮುಟ್ಟಿ, ಅಂಗೈ ಬಟ್ಟಲು ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದಳು. ಎಲ್ಲವೂ ಕ್ರಮ ಪ್ರಕಾರ. "ವಿನಾಕಾ, ಉಪಕಾರವಾಯ್ತು ಉಲಾಮಿಲಾ. ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ಹೋಗಿ ಬನ್ನಿ."

ಎದ್ದು ಹೋಗಬೇಕಿತ್ತು. ಕ್ಷಮೆ ಸಿಕ್ಕಿತ್ತಲ್ಲ. ನಾನು ಏಳಲಿಲ್ಲ.

"ಕೆರೆಕೆರೆ," ಎಂದೆ.

ಅವಳ ಹುಬ್ಬು ಮೇಲೇರಿತು. "ಇನ್ನೇನು ಬೇಕು?"

"ಒಂದು ಬೈಗುಳ. ಒಂದೇ ಒಂದು. ಮೂಟೆ ಅನ್ನು, ಹಸು ಅನ್ನು, ಏನಾದ್ರೂ ಅನ್ನು. ಆ ಲೋಸಾಲಿನಿಗೆ ಕೊಡ್ತೀಯಲ್ಲ, ನಂಗೂ ಕೊಡು. ಇಲ್ಲ ಅನ್ನೋ ಹಾಗಿಲ್ಲ ನೀನು."

ವಿನಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಯಾವ್ದನ್ನ ಅಣಕಿಸ್ಲೇ?" ಎಂದಳು ಕೊನೆಗೆ. "ಅಲ್ಲಿ ಕೂತು ಒಂದೊಂದೇ ತೆಗೆದು ಹಾಕ್ದೆ. ಬೆನ್ನು ತೆಗ್ದೆ, ತೋಳು ತೆಗ್ದೆ, ಗಲ್ಲ ತೆಗ್ದೆ. ಅಣಕಿಸೋಕೆ ನೀನು ಏನೂ ಉಳಿಸಿಲ್ಲ. ನಿನ್ನನ್ನ ಅಂದಿದ್ದೆಲ್ಲ ನಿಂಗೆ ನಿಜವಾಗ್ಲೂ ನೋಯ್ತಿತ್ತು ಅಂತ ನಂಗೇನು ಗೊತ್ತಿತ್ತು? ಇಪ್ಪತ್ತೊಂಬತ್ತು ವರ್ಷ ನಗ್ತಾ ಇದ್ಯಲ್ಲೇ, ಸುಳ್ಳುಬುರುಕಿ!"

ಅವಳ ಕಣ್ಣಲ್ಲಿ ನೀರಿತ್ತು. ಅವಳು ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದು ನಾನು ಒಂಬತ್ತು ದಿನ ಅಂದುಕೊಂಡಿದ್ದೆ. ಅವಳು ತನ್ನ ಬಾಯಿಗೇ ಹೆದರಿಕೊಂಡಿದ್ದಳು.

"ನೋಯ್ತಿದ್ದದ್ದು ನಿನ್ ಮಾತಲ್ಲ ಕಣೇ," ಎಂದೆ. "ನಿನ್ನ ನಡಿಗೆ. ನೀನು ಕೂತ್ಕೊಳ್ಳೋ ರೀತಿ. ನಿನ್ನ ನೋಡಿ ಹೊಟ್ಟೆ ಉರ್ಕೊಂಡು ಸಾಯ್ತಿದ್ದೆ. ಜಾಗ ನೀನೇ ವಾಪಸ್ ತಗೋ. ನಾಳೆ ತನಕ ಟೈಮಿದೆ."

"ಕೊಟ್ಟದ್ದನ್ನ ವಾಪಸ್ ತಗೊಳ್ಳೋದಾ? ಥೂ! ನಮ್ಮಪ್ಪನ ಚಾಪೆ ಮೇಲೆ ಕೇಳಿ ತಗೊಂಡಿದೀಯ. ಆದ್ರೆ ನಾನು ಕೊಟ್ಟದ್ದು ಇಲ್ಲಿ ಕೂತಿರೋಳಿಗೆ. ಆ ಕಡ್ಡಿಗಲ್ಲ."

ಫೋನು ತೆಗೆದೆ. ಬ್ರಾನ್ವಿನ್‌ಗೆ ಒಂದು ಸಾಲು: ಮೊದಲಿನ ಅಳತೆಯನ್ನೇ ಹಾಕಿ, ಏನನ್ನೂ ತೆಗೆಯಬೇಡಿ. ಕಳಿಸುವ ಗುಂಡಿಯ ಮೇಲೆ ಬೆರಳು ನಿಂತಿತು. ಲಕ್ಷಾಂತರ ಜನ, ಆ ಬೆನ್ನು, ಆ ಮಡಿಕೆಗಳು. ಕಣ್ಣು ಮುಚ್ಚಿಕೊಂಡು ಒತ್ತಿದೆ.

ಐದು ನಿಮಿಷದಲ್ಲಿ ಉತ್ತರ ಬಂತು, ಸಂತೋಷದ ನಾಲ್ಕು ಗುರುತುಗಳು, ಜೊತೆಗೆ ಚಿತ್ರ. ಈ ಸಲ ಬೂದು ಬಣ್ಣ ಇರಲಿಲ್ಲ. ನಾನು ಮನಸ್ಸು ಬದಲಿಸಬಹುದೆಂದು ಮೊದಲೇ ಉಡುಪು ತೊಡಿಸಿಟ್ಟಿದ್ದರು, ಕೂದಲು ಹೆಣೆದಿದ್ದರು, ಕೈಯಲ್ಲಿ ಹುಟ್ಟು. ಒತ್ತಿದರೆ ನಡೆಯುತ್ತಿದ್ದಳು.

ವಿನಿ ಫೋನು ಕಿತ್ತುಕೊಂಡಳು. ತಿರುಗಿಸಿದಳು. ಬೆನ್ನನ್ನು ನೋಡಿದಳು.

"ದೇವ್ರೇ! ಈ ಹಿಂಭಾಗಕ್ಕೆ ಇನ್ನೊಂದು ಫೋನು ಬೇಕು ಕಣೇ, ಇದೊಂದ್ರಲ್ಲಿ ಹಿಡೀತಾ ಇಲ್ಲ! ಈ ಮರಗೆಣಸಿನ ಮೂಟೆ ಹತ್ತಿದ್ರೆ ದೋಣಿ ತೇಲುತ್ತೇನೇ?"

ನನ್ನ ಕಿವಿಗೆ ತಂಪಾಯಿತು. "ನೀನು ಹತ್ತದಿದ್ರೆ ತೇಲುತ್ತೆ," ಎಂದೆ. ಇಬ್ಬರೂ ಜೋರಾಗಿ ನಕ್ಕೆವು.

ನಗುವಿನ ಸದ್ದಿಗೆ ಹುಡುಗಿಯರು ಚೆಂಡು ಬಿಟ್ಟು ಓಡಿ ಬಂದು ಫೋನಿಗೆ ಮುತ್ತಿಕೊಂಡರು. ಒಬ್ಬಳು ಬೆರಳಿನಿಂದ ಒತ್ತಿದಳು, ನಾಯಕಿ ಓಡಿದಳು, ಮೈಯೆಲ್ಲ ಕುಲುಕಿಸಿಕೊಂಡು, ಹುಟ್ಟು ಬೀಸಿಕೊಂಡು. ಅವರು ಕಿರುಚಿದರು. ಅವರಲ್ಲಿ ಊಟ ಬಿಟ್ಟವರು ಯಾರು ಎಂದು ನನಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಎರಡು ಜಡೆಯ ಒಬ್ಬ ಹುಡುಗಿ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೇಳಿದಳು: "ಮಿಸ್, ಇದು ಇವ್ರೇ! ಇವ್ರೇ ಮಿಸ್! ಎಷ್ಟು ಚೆನ್ನಾಗಿದಾರೆ! ನಿಮ್ಗಿಂತ್ಲೂ ಚೆನ್ನಾಗಿದಾರೆ!"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ವಿನಿಯ ಕಡೆ ತಿರುಗಿದೆ.

ಅವಳು ನಗುತ್ತಿದ್ದಳು. ಆದರೆ ಆ ನಗುವಿನ ಹಿಂದೆ, ಒಂದು ಉಸಿರಿನಷ್ಟು ಹೊತ್ತು, ಇನ್ನೊಂದು ಮುಖ ಬಂದು ಹೋಯಿತು. ಮಾವನ ಚಾಪೆಯ ಮೇಲೆ ಗೆಡ್ಡೆಯ ಚೂರನ್ನು ತಟ್ಟೆಗೆ ಇಟ್ಟಾಗಲೂ ಅದು ಬಂದಿರಬೇಕು, ನಾನು ನೋಡಿರಲಿಲ್ಲ. ಬಿಗಿದ ದವಡೆ, ಎಲ್ಲೋ ನೋಡುವ ಕಣ್ಣು. ಬೇರೆ ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯದೆ ಇರುತ್ತದೆಯೇ? ದಿನಾ ಕನ್ನಡಿಯಲ್ಲಿ ನೋಡುವ ಮುಖ ಅದು.

ನೆಲದಿಂದೆದ್ದು ಅವಳನ್ನೂ ಬೆಂಚಿನ ಮೇಲೆ ಎಳೆದು ಕೂರಿಸಿ, ಉಳಿದ ಬೆಂಚೆಲ್ಲ ತುಂಬುವ ಹಾಗೆ ಕೂತೆ. ಭುಜಕ್ಕೆ ಭುಜ ಗುದ್ದಿದೆ.

"ಏನೇ ಅತ್ತಿಗೆ, ಉರೀತಾ?"

"ಉರೀತು ಕಣೇ," ಎಂದಳು ವಿನಿ.